ಸೂತಕದಲ್ಲಿ ಎರಡು ಗೆರೆ

ಎರಡನೆಯ ಗೆರೆಯೂ ಮೊದಲನೆಯದರಷ್ಟೇ ಗಾಢವಾಗುವುದನ್ನು ವಿಭಾವರಿ ಬಚ್ಚಲಲ್ಲಿ ನಿಂತು ನೋಡಿದಳು. ಹೊರಗಿನಿಂದ ಅತ್ತೆ ಬಾಗಿಲು ಬಡಿದರು.

"ಇನ್ನೂ ಎಷ್ಟು ಹೊತ್ತು? ಗಂಡಸರು ಸ್ನಾನಕ್ಕೆ ಕಾದಿದ್ದಾರೆ."

"ಬಂದೆ, ಆಯಿ."

ಪರೀಕ್ಷೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ರವಿಕೆಯೊಳಗೆ ಸೇರಿಸಿದಳು. ಇವತ್ತು, ಹೆಚ್ಚೆಂದರೆ ನಾಳೆ, ಅಂಡ ಹೊರಬೀಳುತ್ತದೆ. ಪುಣೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳು ಹುಡುಗರಿಗೆ ಹೇಳುತ್ತಿದ್ದಳು: ಬಣ್ಣವನ್ನು ಆಸೆಯಿಂದ ಓದಬೇಡಿ, ಕಣ್ಣಿನಿಂದ ಓದಿ. ಈಗ ಕಣ್ಣಿನಿಂದಲೇ ಓದಿದ್ದಳು. ಸಂತೋಷವೇನೂ ಆಗಲಿಲ್ಲ. ಬಸ್ಸು ಬಂದಿದೆ, ಹತ್ತಬೇಕು ಎಂಬಂಥ ಒಂದು ತುರ್ತು, ಅಷ್ಟೆ. ವರ್ಷಗಳಿಂದ ತಿಂಗಳಿಗೊಮ್ಮೆ ಬಂದುಹೋಗುವ ತುರ್ತು.

ಗಂಡ ಶಿರೀಷನ ಅಜ್ಜಿ ತೀರಿಕೊಂಡದ್ದು ಮೊನ್ನೆ. ಇಬ್ಬರೂ ಅಂದೇ ಪುಣೆಯಿಂದ ವಾಯಿಯ ಹಿರಿಯರ ಮನೆಗೆ ಬಂದಿದ್ದರು. ಹೆಂಗಸರೆಲ್ಲ ನಡುಮನೆಯಲ್ಲಿ, ಗಂಡಸರೆಲ್ಲ ಪಡಸಾಲೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದರು.

ಶಿರೀಷ ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದ.

"ಇವತ್ತು," ಅಂದಳು.

"ಏನಿವತ್ತು?"

ಅವಳು ರವಿಕೆಯೊಳಗಿನ ಕಾಗದದ ತುದಿ ತೋರಿಸಿದಳು.

"ಇಲ್ಲೇ? ಹುಚ್ಚಾ ನಿಂಗೆ? ಸೂತಕ ಕಣೇ."

"ಅದಕ್ಕೆ ಸೂತಕ ಗೊತ್ತಾಗಲ್ಲ."

ಅವನು ಒಂದು ಕುರ್ಚಿ ಎತ್ತಿ ಅದೇ ಜಾಗದಲ್ಲಿ ಇಟ್ಟ. "ಮುಂದಿನ ತಿಂಗಳು ನೋಡೋಣ."

"ಮುಂದಿನ ತಿಂಗಳು ನಿನ್ನ ಆಡಿಟ್ಟು. ಹೋದ ತಿಂಗಳು ನಿನ್ನ ಜ್ವರ."

ಶಿರೀಷನ ಸೋದರತ್ತೆ, ತೀರಿಕೊಂಡ ಅಜ್ಜಿಯ ಮಗಳು ಕುಮುದ, ಕೊಲ್ಹಾಪುರದಿಂದ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ಅವಳನ್ನು ಕರೆತರುತ್ತೇವೆಂದು ಇಬ್ಬರೂ ಬೆಳಿಗ್ಗೆಯೇ ಹೊರಟರು.

"ಇಷ್ಟು ಬೇಗ ಹೋಗಿ ಏನ್ ಮಾಡ್ತೀರ? ಒಬ್ಬರು ಸಾಲದಾ?" ಎಂದರು ಆಯಿ.

ಶಿರೀಷ ಕಾಲಲ್ಲಿದ್ದ ಚಪ್ಪಲಿಯನ್ನೇ ಹುಡುಕಿದ.

ಬಸ್ ಸ್ಟ್ಯಾಂಡಿನೆದುರಿನ ಲಾಡ್ಜಿನವನು ಮೊದಲು ಅವಳ ಮಂಗಳಸೂತ್ರ ನೋಡಿದ, ಆಮೇಲೆ ಇಬ್ಬರ ಬರಿಗೈ.

"ಸಾಮಾನು?"

"ಇಲ್ಲ."

"ಇವರು?"

"ಹೆಂಡತಿ."

"ಎಲ್ಲರೂ ಹಾಗೇ ಅಂತಾರೆ, ಸಾಹೇಬ್ರೇ," ಎಂದು ಕೀಲಿ ಕೊಟ್ಟ. ವಿಭಾವರಿಗೆ ಅವಮಾನವಾಗಲಿಲ್ಲ. ಅವನು ಹೇಳಿದ್ದೇ ಸರಿಯೇನೋ ಅನ್ನಿಸಿತು.

ಅವಳು ಸೀರೆ ಮಡಿಸಿ ಕುರ್ಚಿಯ ಮೇಲಿಟ್ಟಳು. ಮಂಚದ ಅಂಚಿನಲ್ಲಿ ಅಂಗಿಯ ಗುಂಡಿ ಬಿಚ್ಚುತ್ತಿದ್ದ ಶಿರೀಷನ ಕೈ ನಿಂತಿತು. ಚಿತೆಯ ಮುಂದೆ ಒಂದು ಹನಿಯೂ ಉದುರಿಸದವನು ಬಿಕ್ಕಿ ಬಿಕ್ಕಿ ಅಳತೊಡಗಿದ.

"ಆಜಿ ನಂಗೆ ಕೈತುತ್ತು ಹಾಕ್ತಿದ್ಲು ಕಣೇ. ಕಾಲೇಜಿಗೆ ಹೋಗೋ ಹೊತ್ತಿಗೂ..."

ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ಬಿಸಿಯಾಗಿತ್ತು. ಮಾತು ತಾನಾಗಿಯೇ ಬಂತು.

"ಆಮೇಲೆ ಅಳು, ಶಿರೀಷ."

ಅವನು ಮುಖವೆತ್ತಿ ಅವಳನ್ನು ನೋಡಿದ. ನಂತರ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದ.

ಮುಗಿದ ಮೇಲೆ ಅವಳು ಸೊಂಟದಡಿ ದಿಂಬಿಟ್ಟು, ಕಾಲುಗಳನ್ನು ಗೋಡೆಗೆ ಆನಿಸಿ ಮಲಗಿದಳು. ಅವನು ಕಿಟಕಿಯ ಕಡೆ ತಿರುಗಿ ಕೂತಿದ್ದ. ಈಗ ಅಳಬಹುದು, ಅನ್ನಬೇಕೆನಿಸಿತು. ಅನ್ನಲಿಲ್ಲ. ಅವನೂ ಅಳಲಿಲ್ಲ.

ಕುಮುದಾತ್ಯಾ ಬಸ್ಸಿಳಿದವಳೇ ವಿಭಾವರಿಯನ್ನು ತಬ್ಬಿಕೊಂಡು ಅತ್ತಳು. ರಿಕ್ಷಾದಲ್ಲಿ ಕೂತು ಮೂಗೊರೆಸಿಕೊಂಡಳು.

"ನಮ್ಮಮ್ಮ ಎಲ್ಲೂ ಹೋಗಲ್ಲ ಕಣೇ. ನಿನ್ನ ಹೊಟ್ಟೆಗೇ ಬರ್ತಾಳೆ, ನೋಡ್ತಿರು."

"ಬರಲಿ, ಆತ್ಯಾ."

ಶಿರೀಷ ಮುಂದೆ ಚಾಲಕನ ಪಕ್ಕ ಒತ್ತಿಕೊಂಡು ಕೂತು ರಸ್ತೆ ನೋಡುತ್ತಿದ್ದ.

ಮನೆಯಲ್ಲಿ ಮಗಳ ದಾರಿಯನ್ನೇ ಕಾಯುತ್ತಿದ್ದರು. ಅಜ್ಜಿ ಪ್ರಾಣ ಬಿಟ್ಟ ಜಾಗದಲ್ಲಿ ಹಿಂದಿನ ರಾತ್ರಿ ಅಕ್ಕಿಹಿಟ್ಟು ಹರಡಿ ಬುಟ್ಟಿ ಕವುಚಿಟ್ಟಿದ್ದರು. ಸತ್ತವರು ಮುಂದೆ ಏನಾಗಿ ಹುಟ್ಟುತ್ತಾರೋ ಅದರ ಹೆಜ್ಜೆ ಹಿಟ್ಟಿನಲ್ಲಿ ಮೂಡಿರುತ್ತದಂತೆ. ಕುಮುದಾತ್ಯಾ ಬುಟ್ಟಿ ಎತ್ತಿದಳು. ಹೆಂಗಸರೆಲ್ಲ ಬಗ್ಗಿದರು.

"ಹಕ್ಕೀದು."

"ಅಲ್ಲ, ಹಸುವಿನ ಗೊರಸು."

"ನಿಮಗೆ ಕಣ್ಣು ಕಾಣಲ್ವಾ? ಕೂಸಿನ ಕಾಲು!" ಎಂದಳು ಕುಮುದಾತ್ಯಾ. "ವಿಭಾ, ನೀನು ಓದಿದೋಳು, ನೀನೇ ನೋಡಿ ಹೇಳೇ."

ಎಲ್ಲರೂ ಸರಿದು ಜಾಗ ಬಿಟ್ಟರು. ವಿಭಾವರಿ ಮಂಡಿಯೂರಿ ಮುಖ ಹತ್ತಿರ ತಂದಳು. ಹಿಟ್ಟು ಹರಡಿದ ಹಾಗೇ ಇತ್ತು, ನುಣ್ಣಗೆ, ಒಂದು ಗೀರೂ ಇಲ್ಲದೆ. ಏನೋ ಹೇಳಲೆಂದು ಬಾಯಿ ತೆರೆದಳು. ಅವಳ ಉಸಿರಿಗೆ ಹಿಟ್ಟಿನ ನಡುವೆ ಸಣ್ಣದೊಂದು ಕುಳಿ ಬಿತ್ತು.

ಬೆನ್ನ ಹಿಂದೆ ಬಳೆಗಳ ಸದ್ದಾಯಿತು. ಆ ಕುಳಿಗೆ ಹೆಂಗಸರು ಒಬ್ಬೊಬ್ಬರಾಗಿ ಕೈ ಮುಗಿಯುತ್ತಿದ್ದರು.