ದೇವಕಿ ಒಬ್ಬಳೇ ಹೋಗಿ ಬಂದದ್ದು

ಮದುವೆಯಾದ ಮೇಲೆ ದೇವಕಿ ಗಂಡನಿಲ್ಲದೆ ಪರವೂರಿಗೆ ಹೋದದ್ದು ಅದೇ ಮೊದಲು. ಅದಕ್ಕೆ ಒಂದು ರೀತಿಯಲ್ಲಿ ಉಮಾನಾಥನೇ ಕಾರಣ. ಮಲೇಶಿಯಾದ ಪೆನಾಂಗಿಗೆ ಬಂದು ನಾಲ್ಕು ವರ್ಷವಾಗಿದ್ದರೂ ಇಬ್ಬರೂ ರಾಜಧಾನಿ ಕೌಲಾಲಂಪುರದಲ್ಲಿ ವಿಮಾನ ನಿಲ್ದಾಣ ಬಿಟ್ಟು ಬೇರೇನೂ ನೋಡಿರಲಿಲ್ಲ. ತೊಂಬತ್ತೊಂಬತ್ತರ ಮಾರ್ಚಿನಲ್ಲಿ ಮಗಳು ಅಕ್ಷಯಾ ಸ್ಕೂಲಿನ ಕ್ಯಾಂಪಿಗೆ ಹೊರಟಾಗ, ಆ ಮೂರು ದಿನ ನಾವು ಕೌಲಾಲಂಪುರ ನೋಡಿಬರೋಣ ಎಂದವನು ಅವನು. ಬಸ್ಸಿನ ಟಿಕೆಟ್ಟು, ಅಲ್ಲಿನ ಬ್ರಿಕ್‌ಫೀಲ್ಡ್ಸ್ ಬಡಾವಣೆಯಲ್ಲಿ ಒಂದು ಲಾಡ್ಜಿನ ರೂಮು, ಎಲ್ಲ ಗೊತ್ತುಮಾಡಿದವನೂ ಅವನೇ. ಹೊರಡುವ ಹಿಂದಿನ ದಿನ ಬಯಾನ್ ಲೆಪಾಸಿನ ಅವನ ಕಾರ್ಖಾನೆಯಲ್ಲಿ ಹೊಸ ಯಂತ್ರವೊಂದು ಕೈಕೊಟ್ಟಿತು. ಇಂಜಿನಿಯರುಗಳ ರಜೆಯೆಲ್ಲ ರದ್ದಾಯಿತು.

ಇನ್ನೊಮ್ಮೆ ಹೋದರಾಯಿತು ಎಂದು ಅವನು ಹೇಳುವಾಗ ದೇವಕಿ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ರೂಮ್ ಹೇಗೂ ಬುಕ್ ಆಗಿದೆಯಲ್ಲ. ನಾನು ಹೋಗಿ ಬರ್ತೀನಿ," ಎಂದಳು.

ಅವನಿಗೆ ನಗು ಬಂತು. ತರಕಾರಿ ತರಬೇಕಾದರೂ ಅವನು ಕಾರು ತರುವವರೆಗೆ ಕಾಯುತ್ತಿದ್ದ ಹೆಂಗಸು. ಮೊದಲ ದಿನವೇ ಅಳುತ್ತ ಫೋನು ಮಾಡುತ್ತಾಳೆ, ಮರುದಿನದ ಬಸ್ಸಿಗೆ ವಾಪಸ್ಸು ಬರುತ್ತಾಳೆ ಎಂದುಕೊಂಡು ಬಸ್ಸು ಹತ್ತಿಸಿ ಬಂದ. ಫೋನು ಬರಲಿಲ್ಲ. ಸಂಜೆ ಅವನೇ ಲಾಡ್ಜಿಗೆ ಫೋನು ಮಾಡಿದರೆ, ಅಮ್ಮ ಹೊರಗೆ ಹೋಗಿದ್ದಾರೆ ಎಂದರು. ಮರುದಿನ ಸಂಜೆಯೂ ಅದೇ ಉತ್ತರ.

ಮೂರನೆಯ ದಿನ ಬಸ್ಸಿನಿಂದ ಇಳಿದ ದೇವಕಿ ಬಿಸಿಲಿಗೆ ಕಪ್ಪಾಗಿದ್ದಳು. ಸುಸ್ತು, ತಲೆನೋವು, ನೀವಿಲ್ಲದೆ ಬೇಜಾರಾಯಿತು ಎಂಬ ಮಾತು, ಇವುಗಳಿಗೆಲ್ಲ ಉಮಾನಾಥ ಸಮಾಧಾನ ಸಿದ್ಧಮಾಡಿಕೊಂಡು ಬಂದಿದ್ದ. ಅವಳು ಸಮಾಧಾನ ಬೇಡುವ ಸ್ಥಿತಿಯಲ್ಲಿರಲಿಲ್ಲ. ಏನೇನು ನೋಡಿದೆ ಎಂದರೆ, ಸುಮ್ಮನೆ ಓಡಾಡಿದೆ ಎಂದಳು. ಡ್ರೈವರ್ ಇಲ್ಲದ ಹೊಸ ರೈಲಿನಲ್ಲಿ ಮುಂದಿನ ಸೀಟು ಹಿಡಿದು ಈ ತುದಿಯಿಂದ ಆ ತುದಿಗೆ ಹೋಗಿಬಂದಳಂತೆ. ಇಳಿದು, ಮತ್ತೆ ಟಿಕೆಟ್ ತೆಗೆದು, ಇನ್ನೊಮ್ಮೆ ಹೋದಳಂತೆ. ಅಷ್ಟು ಹೇಳಿ ಕಾರಿನ ಕಿಟಕಿಯಾಚೆ ನೋಡತೊಡಗಿದಳು. ಅವಳ ಹತ್ತಿರ ಇನ್ನೂ ಬಹಳ ಇದೆ, ತನಗೆ ಕೊಡುತ್ತಿಲ್ಲ ಎಂದು ಅವನಿಗೆ ಅನ್ನಿಸಿತು.

ಆ ವಾರವಿಡೀ ಅವಳು ಅಡುಗೆಮನೆಯಲ್ಲಿ ಏನೋ ಗುನುಗುತ್ತಿದ್ದಳು. ಅಮ್ಮನಿಗೆ ಏನಾಗಿದೆ ಎಂದು ಅವನು ಮಗಳನ್ನು ಕೇಳಿದ. ಅಕ್ಷಯಾ ಟಿವಿಯಿಂದ ಕಣ್ಣು ತೆಗೆಯದೆ, ಅಲ್ಲಿನ ಮಕ್ಕಳ ಇಂಗ್ಲಿಷಿನಲ್ಲಿ, "ಶೀ ಈಸ್ ಹ್ಯಾಪಿ ಲಾ, ಅಪ್ಪಾ," ಎಂದಳು.

ಅವಳು ಒಯ್ದಿದ್ದ ಕ್ಯಾಮೆರಾದ ರೀಲು ತೊಳೆಸಿ ತಂದ ದಿನ ಅವನೊಳಗೆ ಕಿಚ್ಚು ಹೊತ್ತಿಕೊಂಡಿತು. ಕಟ್ಟಡಗಳು, ಹಣ್ಣಿನ ಅಂಗಡಿ, ಒಂದು ಬೆಕ್ಕು. ಅವುಗಳ ನಡುವೆ ಒಂದು ಫೋಟೋದಲ್ಲಿ, ಕೆರೆಯ ದಂಡೆಯ ಹುಲ್ಲಿನ ಮೇಲೆ ದೇವಕಿ ಕೂತಿದ್ದಳು. ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಳು. ಆ ನಗು ಉಮಾನಾಥನಿಗೆ ಪರಿಚಯವಿರಲಿಲ್ಲ. ಅವಳ ಮುಂದಿನ ಹುಲ್ಲಿನ ಮೇಲೆ ಫೋಟೋ ತೆಗೆದವರ ನೆರಳು ಬಿದ್ದಿತ್ತು. ಉದ್ದನೆಯ, ಅಗಲ ಭುಜದ ನೆರಳು.

"ಇದನ್ನು ತೆಗೆದದ್ದು ಯಾರು?"

"ಯಾರೋ ಅಲ್ಲಿದ್ರು. ಕೇಳ್ದೆ, ತೆಗೆದುಕೊಟ್ರು."

"ಎಂತಕ್ಕೆ ಅಷ್ಟು ನಗು?"

"ನೆನಪಿಲ್ಲ ರೀ," ಎಂದು ಅವಳು ಅನ್ನಕ್ಕಿಡಲು ಹೋದಳು.

ನೆನಪಿಲ್ಲ ಎಂಬುದನ್ನು ಅವನು ನಂಬಲಿಲ್ಲ. ಕಾರ್ಖಾನೆಯಲ್ಲಿ ಕೂತಾಗ, ಸ್ನಾನ ಮಾಡುವಾಗ, ಸೇತುವೆಯ ಮೇಲೆ ಕಾರು ಓಡಿಸುವಾಗ ಆ ನೆರಳಿಗೆ ಮುಖ ಹಚ್ಚಿ ನೋಡಿದ. ಒಮ್ಮೆ ತಮಿಳಿನವನ ಮುಖ, ಒಮ್ಮೆ ಬಿಳಿಯ ಪ್ರವಾಸಿಯದು. ಅವಳ ಬ್ಯಾಗು ತಡಕಾಡಿದ, ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೂ ಅನುಮಾನಕ್ಕೆ ಕಾರಣವಾಯಿತು. ಮನೆಗೆ ಫೋನು ಬಂದರೆ ಅವಳಿಗಿಂತ ಮೊದಲು ಓಡಿ ಎತ್ತತೊಡಗಿದ. ಅವನಿಗೇ ನಾಚಿಕೆಯಾಗುತ್ತಿತ್ತು. ಆದರೂ ಬಿಡಲಾಗುತ್ತಿರಲಿಲ್ಲ.

ಮೇ ತಿಂಗಳಲ್ಲಿ ಕೌಲಾಲಂಪುರದ ಹತ್ತಿರದ ಕ್ಲಾಂಗ್ ಬಂದರಿಗೆ ಬಂದಿಳಿದ ಯಂತ್ರದ ಭಾಗಗಳನ್ನು ಪರೀಕ್ಷಿಸಲು ಯಾರಾದರೂ ಹೋಗಬೇಕಾಯಿತು. ಉಮಾನಾಥ ತಾನೇ ಮುಂದೆ ಬಂದ. ಬೆಳಿಗ್ಗೆಯೇ ಕೆಲಸ ಮುಗಿಸಿ ಬ್ರಿಕ್‌ಫೀಲ್ಡ್ಸ್‌ಗೆ ಟ್ಯಾಕ್ಸಿ ಹಿಡಿದ.

ಲಾಡ್ಜನ್ನು ನೋಡಿಕೊಳ್ಳುತ್ತಿದ್ದವರು ಸ್ವರ್ಣಲತಾ ಎಂಬ ವಯಸ್ಸಾದ ತಮಿಳು ಹೆಂಗಸು. ಅವನ ಹರಕು ತಮಿಳು ಕೇಳಿ ಕೂರಿಸಿ ಕಾಫಿ ಕೊಟ್ಟರು. ದೇವಕಿಯ ನೆನಪು ಅವರಿಗೆ ಚೆನ್ನಾಗಿತ್ತು. ಬೆಳಿಗ್ಗೆ ತಿಂಡಿ ತಿಂದು ಹೋದರೆ ಕತ್ತಲಾಗುವಾಗ ಬರುತ್ತಿದ್ದಳು, ಒಬ್ಬಳೇ. ಬಂದವಳು ಇದೇ ಬೆಂಚಿನ ಮೇಲೆ ಕೂತು ನೋಡಿದ್ದನ್ನೆಲ್ಲ ಹೇಳುತ್ತಿದ್ದಳು ಎಂದರು. ಚೀನಿಯರ ಗುಡಿಯಲ್ಲಿ ಹೊಗೆಗೆ ಕಣ್ಣುರಿದದ್ದು, ದಾರಿ ತಪ್ಪಿ ಯಾವುದೋ ಮಾರ್ಕೆಟ್ಟಿಗೆ ಹೋದದ್ದು, ಮಾಮಕ್ ಎಂಬ ಮುಸ್ಲಿಮರ ತಿಂಡಿ ಅಂಗಡಿಯವನಿಗೆ ಮೊಟ್ಟೆ ಬೇಡವೆಂದು ಸನ್ನೆಯಲ್ಲಿ ತಿಳಿಸಿದ್ದು. ಮನೆಯಲ್ಲಿ ಬಾಯಿ ಬಿಡದ ಹೆಂಗಸು ಇಲ್ಲಿ ಇಷ್ಟು ಹೇಳಿದ್ದಾಳೆ. ನನ್ನ ವಿಷಯ ಏನು ಹೇಳಿದಳು ಎಂದು ಅವನು ತಡೆಯಲಾರದೆ ಕೇಳಿದ. ಸ್ವರ್ಣಲತಾ ಯೋಚಿಸಿದರು. ಗಂಡನಿಗೆ ರಜೆ ಸಿಗಲಿಲ್ಲ ಎಂದಿದ್ದಳು, ಅಷ್ಟೇ ಎಂದರು.

ಅಲ್ಲಿಂದ ಅವನು ಅವರನ್ನೇ ದಾರಿ ಕೇಳಿಕೊಂಡು ಕೆರೆಯಿರುವ ಉದ್ಯಾನಕ್ಕೆ ಹೋದ. ಫೋಟೋದಲ್ಲಿದ್ದ ಜಾಗ ಹುಡುಕಿ ಕೂತ. ಸುತ್ತಲೂ ಜೋಡಿಗಳು, ಸಂಸಾರಗಳು. ಸ್ವಲ್ಪ ಹೊತ್ತಿನಲ್ಲೇ ಅವನಿಗೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದಂತಾಯಿತು. ಒಬ್ಬನೇ ಹೀಗೆ ಕೆಲಸವಿಲ್ಲದೆ ಕೂತು ಅವನಿಗೆ ಅಭ್ಯಾಸವಿರಲಿಲ್ಲ. ಯಾರೂ ಅವನನ್ನು ನೋಡುತ್ತಿರಲಿಲ್ಲ, ಅದೇ ಅವನನ್ನು ಕಂಗೆಡಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ತಲೆಗೆ ಸ್ಕಾರ್ಫ್ ಸುತ್ತಿದ್ದ ನಡುವಯಸ್ಸಿನ ಮಲಯ್ ಹೆಂಗಸೊಬ್ಬಳು ಬಂದು ಕ್ಯಾಮೆರಾ ಚಾಚಿದಳು. ಅವಳೂ ಒಬ್ಬಳೇ. ಉಮಾನಾಥ ಎದ್ದು, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಕೈಯಾಡಿಸಿದ. ಬೆರಳು ಲೆನ್ಸಿಗೆ ಅಡ್ಡ ಬಂದಿರುವುದನ್ನು ಅವಳು ತೋರಿಸಿದಳು. ಅವನು ಗಾಬರಿಯಿಂದ ಕ್ಯಾಮೆರಾವನ್ನೇ ತಲೆಕೆಳಗು ಹಿಡಿದ. ಅವಳು ಜೋರಾಗಿ ನಕ್ಕುಬಿಟ್ಟಳು. ಅದೇ ಕ್ಷಣ ಅವನು ಗುಂಡಿ ಒತ್ತಿದ. ಅವನ ನೆರಳು ಉದ್ದಕ್ಕೆ ಅಗಲಕ್ಕೆ ಬೆಳೆದು ಹುಲ್ಲಿನ ಮೇಲೆ ಅವಳ ಕಾಲಿನವರೆಗೂ ಚಾಚಿತ್ತು. ತೆರಿಮಾ ಕಾಸಿ ಎಂದು ಧನ್ಯವಾದ ಹೇಳಿ ಅವಳು ಹೋದಳು.

ದೇವಕಿಯ ಫೋಟೋದಲ್ಲೂ ಇಷ್ಟೇ ಇದ್ದದ್ದು. ಉಮಾನಾಥನಿಗೆ ಇದರಿಂದ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಒಬ್ಬ ಗಂಡಸು ಇದ್ದಿದ್ದರೆ ಅವನ ಮೇಲೆ ಹರಿಹಾಯಬಹುದಿತ್ತು, ತಾನು ಅವನಿಗಿಂತ ಯಾವುದರಲ್ಲಿ ಕಡಿಮೆ ಎಂದು ಕೇಳಬಹುದಿತ್ತು. ಇಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದೆಯೇ ದೇವಕಿ ಹಾಗೆ ನಕ್ಕಿದ್ದಳು. ಈ ಕೆರೆ, ಈ ಹುಲ್ಲು, ಸ್ವರ್ಣಲತಾರ ಬೆಂಚು, ಎಲ್ಲದರ ಮೇಲೂ ಅವನಿಗೆ ಹೊಟ್ಟೆ ಉರಿಯಿತು.

ಮರುದಿನ ಊಟಕ್ಕೆ ಕೂತಾಗ ಅವನೇ ಹೇಳಿಬಿಟ್ಟ, ಲಾಡ್ಜಿಗೆ ಹೋಗಿದ್ದೆ, ಕೆರೆಗೂ ಹೋಗಿದ್ದೆ ಎಂದು. ದೇವಕಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಅಷ್ಟು ಸಿಟ್ಟು ಅವನು ಅವಳಲ್ಲಿ ನೋಡಿರಲಿಲ್ಲ.

"ಯಾರಾದ್ರೂ ಸಿಕ್ರಾ?" ಎಂದಳು.

"ಇಲ್ಲ."

"ನನ್ನನ್ನೇ ಕೇಳ್ಬಹುದಿತ್ತು."

"ಕೇಳಿದೆನಲ್ಲ. ನೀನು ಹೇಳ್ಲಿಲ್ಲ."

ಅವಳು ಎದುರಿಗೆ ಕೂತಳು. "ಹೇಳಿದ್ರೆ ಅದು ನಮ್ಮಿಬ್ಬರದಾಗ್ತಿತ್ತು. ಎಲ್ಲಾನೂ ನಮ್ಮಿಬ್ಬರದೇ ಅಲ್ವಾ? ಒಂದು ನಂದೇ ಇರ್ಲಿ ಅಂತ ಇಟ್ಕೊಂಡಿದ್ದೆ," ಎಂದಳು.

ಮುಂದಿನ ಸಲ ನಾನೂ ಬರಲೇ ಎಂದು ಅವನು ಕೇಳಿದ. ನಾವು ಒಟ್ಟಿಗೆ ಬೇರೆ ಎಲ್ಲಿಗಾದರೂ ಹೋಗೋಣ, ಹಾಗೆ ಹೋಗುವುದು ಮಾತ್ರ ನಾನೊಬ್ಬಳೇ ಎಂದಳು. ಅವನಿಗೆ ಒಪ್ಪಿಗೆಯಾಗಲಿಲ್ಲ. ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ. ಮಾತಾಡಿಸಿದರೆ ಹೂಂ, ಉಹೂಂ. ಅವಳು ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಅವನ ಮುನಿಸು ತಾನಾಗಿಯೇ ಸವೆಯಿತು. ಫೋನಿಗೆ ಓಡುವುದನ್ನು ಬಿಟ್ಟ.

ನವೆಂಬರಿನಲ್ಲಿ ದೇವಕಿ ಒಬ್ಬಳೇ ಮಲಾಕ್ಕಾ ಎಂಬ ಹಳೆಯ ಊರಿಗೆ ಹೊರಟಳು. ಉಮಾನಾಥ ರಜೆ ಹಾಕಿ, ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆಂಡತಿಯನ್ನು ಬಸ್ ನಿಲ್ದಾಣಕ್ಕೆ ಕರೆದೊಯ್ದ. ಅಲ್ಲಿ ಜಾಗ್ರತೆ, ಇಲ್ಲಿ ಜಾಗ್ರತೆ ಎಂದು ಹೇಳಹೊರಟವನು ನುಂಗಿಕೊಂಡ. ಚೀಲ ಎತ್ತಿಕೊಟ್ಟ. ಬಸ್ಸು ಹೊರಟಾಗ ಅವಳು ಕೈಬೀಸಿದಳು, ಕೂಡಲೇ ಮುಂದಿನ ರಸ್ತೆಯ ಕಡೆಗೆ ತಿರುಗಿದಳು. ಇನ್ನೊಂದು ಗಳಿಗೆ ನೋಡಬಹುದಿತ್ತಲ್ಲ ಎಂಬ ಹಳೆಯ ಅಸೂಯೆ ಅವನಲ್ಲಿ ಎದ್ದಿತು. ಅದು ಹೋಗುವಂಥದ್ದಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಅಕ್ಷಯಾ ಹಸಿವು ಎಂದಳು. ಅವನು ಕಾರು ತಿರುಗಿಸಿದ.