ಠರಾವಿನಲ್ಲಿಲ್ಲದ ಮಾತು

ಬೆಳಿಗ್ಗೆ ಆರೂ ಹತ್ತಕ್ಕೆ ಹಾಲವ್ವ ನೋಡಿದಾಗ ಹಳ್ಳದ ಓಣಿಗೆ ಹೋಗುವ ಪೈಪಿನ ವಾಲ್ವಿಗೆ ಬೀಗ ಬಿದ್ದಿತ್ತು.

ಬೀಗ ಹೊಸದು. ಗುಡ್ಡದ ಬುಡದ ಒರತೆಯ ನೀರೆಲ್ಲ ಪಕ್ಕದ ದಪ್ಪ ಪೈಪಿನಲ್ಲಿ ಪರಮೇಶ್ವರಪ್ಪನ ಶುಂಠಿ ಹೊಲದ ಕಡೆ ಹರಿಯುತ್ತಿತ್ತು. ಪರಮೇಶ್ವರಪ್ಪ ಊರಿನ ಅರಣ್ಯ ಸಮಿತಿಯ ಅಧ್ಯಕ್ಷ, ಹಾಲವ್ವನ ಗಂಡನ ತಮ್ಮ. ಹಾಲವ್ವ ಅದೇ ಸಮಿತಿಯ ಪರವಾಗಿ ಹತ್ತು ವರ್ಷದಿಂದ ಗುಡ್ಡ ಕಾಯುತ್ತಿದ್ದಳು.

ದುಂಡಸಿ ರಸ್ತೆಯ ಈ ಊರಿನ ಗುಡ್ಡ ಮೊದಲು ಬೋಳಾಗಿತ್ತು. ಬಿದ್ದ ಮಳೆಯಲ್ಲಿ ಒಂದಿಷ್ಟು ಕಲ್ಲಿನ ಬಿರುಕುಗಳಲ್ಲಿ ಇಳಿದು ಕಾಣೆಯಾಗುತ್ತಿತ್ತು. ಉಳಿದದ್ದು ಕಲ್ಲು ಮಣ್ಣು ಹೊತ್ತುಕೊಂಡು ಒಂದೇ ಗಳಿಗೆಯಲ್ಲಿ ಹಳ್ಳದ ಓಣಿಗೆ ನುಗ್ಗುತ್ತಿತ್ತು. 2014ರ ಆಗಸ್ಟಿನಲ್ಲಿ ಆ ಓಣಿಯ ಆರು ಮನೆ ಬಿದ್ದವು. ಮುಂದಿನ ಏಪ್ರಿಲ್‌ನಲ್ಲಿ ಅದೇ ಓಣಿಗೆ ಟ್ಯಾಂಕರಿನಲ್ಲಿ ನೀರು ತರಿಸಬೇಕಾಯಿತು.

ಅರಣ್ಯ ಇಲಾಖೆಯ ವಿಭಾ ಬಂದು ಗುಡ್ಡಕ್ಕೆ ಅಡ್ಡಡ್ಡ ಕಂದಕ ತೋಡಿ ಸಸಿ ನೆಡಿಸಿದರು. ಎಂಟು ವರ್ಷ ಒಂದು ಆಡೂ ಗುಡ್ಡ ಹತ್ತಬಾರದು, ಇಲ್ಲವಾದರೆ ಈ ಕೆಲಸವೆಲ್ಲ ದಂಡ ಎಂದರು. ಊರಲ್ಲಿ ಹೆಚ್ಚು ಆಡು ಇದ್ದದ್ದು ಹಳ್ಳದ ಓಣಿಯ ಫಕ್ರುಸಾಬನ ಹತ್ತಿರ, ಎಪ್ಪತ್ತೆರಡು. ಒಂದು ಗುಂಟೆ ಹೊಲವೂ ಇಲ್ಲದ ಅವನಿಗೆ ಅವೇ ಅನ್ನ. ಅವನನ್ನು ಒಪ್ಪಿಸಲು ಸಮಿತಿ ಹಾಲವ್ವನನ್ನು ಕಳಿಸಿತು. ಅವಳ ಮಾತಿಗೆ ಆ ಓಣಿಯಲ್ಲಿ ಬೆಲೆಯಿತ್ತು.

ಹಾಲವ್ವ ಅವನ ಅಂಗಳದಲ್ಲಿ ನಿಂತು, ಕೊರಳಲ್ಲಿದ್ದ ಲಿಂಗ ಮುಟ್ಟಿ ಹೇಳಿದ್ದಳು: “ನೀರು ಬಂತಂದ್ರ ಮೊದಲನೇ ನಳ ನಿಮ್ಮ ಓಣಿಗೇ.”

ಆ ಸಂಜೆ ಸಮಿತಿಯ ಸಭೆಯಲ್ಲಿ ವಿಭಾ ಠರಾವಿನ ಪುಸ್ತಕ ತೆರೆದು, ಈ ಮಾತನ್ನೂ ಬರೆದುಕೊಳ್ಳೋಣ ಎಂದಾಗ ಬೇಡವೆಂದವನು ಫಕ್ರುಸಾಬನೇ. “ಅಕ್ಕ ಲಿಂಗಾ ಮುಟ್ಯಾಳ್ರಿ ಮೇಡಮ್ಮಾರ. ಇನ್ನ ಬರಿಯೂದಂದ್ರ ಆಕಿಗೆ ಅಪಮಾನ ಮಾಡಿದಂಗ,” ಎಂದ. ಕೂತವರೆಲ್ಲ ತಲೆದೂಗಿದರು. ಹಾಲವ್ವನಿಗೂ ಅದು ಸರಿಯೆನಿಸಿತ್ತು. ಹದಿನೈದು ದಿನದಲ್ಲಿ ಅವನು ಆಡುಗಳನ್ನೆಲ್ಲ ಮಾರಿ ಗಾರೆ ಕೆಲಸಕ್ಕೆ ಹೋದ.

ಗುಡ್ಡ ಹಸಿರಾಯಿತು. ಹಳ್ಳ ಓಣಿಗೆ ನುಗ್ಗುವುದು ನಿಂತಿತು. 2022ರಲ್ಲಿ ಬುಡದ ಒರತೆ ಬೇಸಿಗೆಯಲ್ಲೂ ಬತ್ತಲಿಲ್ಲ; ಓಣಿಗೆ ನಳ ಬಂತು. ಮೂರು ವರ್ಷ ಹರಿಯಿತು.

ಬೀಗ ಕಂಡ ದಿನ ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಸಮಿತಿ ಕೂತಿತ್ತು. ಒರತೆಯ ನೀರು ಇನ್ನು ಗುಡ್ಡದ ಕೆಳಗಿನ ಹೊಲದವರಿಗೆ ಪಾಳಿಯಂತೆ, ಹಳ್ಳದ ಓಣಿಗೆ ಪಂಚಾಯಿತಿ ನಳ ಸಾಕು ಎಂದು ಪರಮೇಶ್ವರಪ್ಪ ವಿವರಿಸಿದ. ಪಂಚಾಯಿತಿ ನಳ ಬರುವುದು ನಾಲ್ಕು ದಿನಕ್ಕೊಮ್ಮೆ ಎಂದು ಹಾಲವ್ವ ನೆನಪಿಸಿದಳು. ಆಡು ಮಾರಿಸಿ ಕೊಟ್ಟ ಮಾತನ್ನೂ ಎತ್ತಿದಳು.

“ಅವರ ಮನಿ ಬೀಳೂದು ತಪ್ಪೇತಿ ವೈನಿ. ಅದ ಅವರ ಪಾಲು,” ಎಂದ ಪರಮೇಶ್ವರಪ್ಪ. “ಮಾತು ಕೊಟ್ಟಿದ್ದು ಠರಾವಿನಾಗ ಎಲ್ಲೈತಿ, ತೋರಸ್ರಿ. ಕೇಳಿದವರಿಗೆಲ್ಲಾ ನಳಾ ಅಂದ್ರ, ಮಳಿರಾಯಗೂ ಒಂದು ಕನೆಕ್ಷನ್ ಕೊಡಬೇಕಾಕ್ಕೇತಿ.”

ಇಬ್ಬರು ನಕ್ಕರು. ಅಂದು ತಲೆದೂಗಿದ್ದ ನಾಲ್ವರು ಕಟ್ಟೆಯ ಮೇಲಿದ್ದರು. ಅವರಲ್ಲಿ ಯಾರೂ ತಲೆ ಎತ್ತಲಿಲ್ಲ.

ಹಾಲವ್ವ ನೇರ ಫಕ್ರುಸಾಬನ ಮನೆಗೆ ಹೋದಳು. ಅವನು ಕುರ್ಚಿ ಹಾಕಿದ. ಬೈಯಲಿ ಎಂದು ಅವಳು ಕಾದಳು. ಅವನು ಬೈಯಲಿಲ್ಲ.

“ನೀ ಸುಳ್ಳು ಹೇಳಿಲ್ಲಕ್ಕಾ,” ಎಂದ. “ಬರಕೋತೀವಿ ಅಂದ್ರು. ನಾನ ಬ್ಯಾಡಂದೆ.”

ಹಾಲವ್ವ ಕೂರಲಿಲ್ಲ. ತಿರುಗಿ ಕಟ್ಟೆಗೇ ಬಂದಳು. ಸಮಿತಿಯವರು ಇನ್ನೂ ಎದ್ದಿರಲಿಲ್ಲ; ಕಾರ್ಯದರ್ಶಿ ಶಂಭುಲಿಂಗ ಸಭೆಯ ನಡಾವಳಿ ಬರೆದು ಮುಗಿಸುತ್ತಿದ್ದ. ಇನ್ನೊಂದು ಠರಾವು ಬರೆಯಬೇಕು ಎಂದಳು.

“ಏನಂತ ಬರೀಲ್ರಿ?” ಶಂಭುಲಿಂಗ ಕೇಳಿದ.

“ಹಾಲವ್ವ ಲಿಂಗಾ ಮುಟ್ಟಿ ಸುಳ್ಳು ಹೇಳಿದ್ಳು, ಆ ಸುಳ್ಳಿನ ಮ್ಯಾಲೆ ನಮ್ಮ ಗುಡ್ಡ ಬೆಳೀತು ಅಂತ ಬರಿ. ನಾನ ಸಹಿ ಮಾಡ್ತೇನಿ. ಇವರೂ ಮಾಡ್ಲಿ.”

ಶಂಭುಲಿಂಗ ಪೆನ್ನು ಹಿಡಿದು ಅಧ್ಯಕ್ಷನ ಮುಖ ನೋಡಿದ. ಪರಮೇಶ್ವರಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, “ಅಂಥಾವೆಲ್ಲಾ ಬರಿಯಾಕ ಬರೂದಿಲ್ಲ ವೈನಿ. ಮನೆತನದ ಮರ್ಯಾದಿ ಪ್ರಶ್ನೆ,” ಎಂದು ತಣ್ಣಗೆ ಹೇಳಿದ.

“ಕೊಟ್ಟಿದ್ದೂ ಬರೀಲಿಲ್ಲ, ಮುರಿದಿದ್ದೂ ಬರಿಯಂಗಿಲ್ಲ,” ಎಂದಳು ಹಾಲವ್ವ. “ಚಲೋ ಪುಸ್ತಕ ಇಟ್ಟೀರಿ.”

ಶಂಭುಲಿಂಗ ಪುಸ್ತಕ ಮುಚ್ಚಿದ. ಮರುದಿನದಿಂದ ಅವಳು ಕಾವಲಿಗೆ ಹೋಗಲಿಲ್ಲ. ಕರೆಯಲು ಸಮಿತಿಯ ಆಳು ಎರಡು ಸಲ ಬಂದ. ಮೈಗೆ ಹುಷಾರಿಲ್ಲ ಎಂದು ಕಳಿಸಿದಳು.

ಪ್ರತಿ ಮಳೆಗಾಲ ಸತ್ತ ಸಸಿಗಳ ಜಾಗದಲ್ಲಿ ಹೊಸದನ್ನು ನೆಡಲು ಮನೆಗೊಬ್ಬರು ಒಂದು ದಿನ ಪುಕ್ಕಟೆ ದುಡಿಯುವ ಪದ್ಧತಿ ಹತ್ತು ವರ್ಷದಿಂದ ನಡೆದಿತ್ತು. ಈ ಜುಲೈನಲ್ಲಿ ಹಳ್ಳದ ಓಣಿಯ ಮೂವತ್ತೊಂದು ಮನೆಗಳಿಂದ ಒಬ್ಬರೂ ಗುಡ್ಡ ಹತ್ತಲಿಲ್ಲ. ಸಮಿತಿ ದುಂಡಸಿಯಿಂದ ಕೂಲಿಯವರನ್ನು ಕರೆಸಿತು; ಇದ್ದ ಹಣ ಎರಡು ದಿನದ ಕೂಲಿಗೆ ಮುಗಿಯಿತು. ತಂದ ಸಾವಿರದ ಇನ್ನೂರು ಸಸಿಗಳಲ್ಲಿ ನಾಲ್ಕು ನೂರು ನೆಲ ಸೇರಿದವು. ಉಳಿದವು ಗುಡ್ಡದ ಬುಡದಲ್ಲೇ ಒಣಗಿದವು.