ಸ್ಯಾಕ್ಸೊಫೋನಿನ ಕೆಳಗಿದ್ದ ನೋಟ್‌ಬುಕ್ಕು

ಪೆಟ್ಟಿಗೆಯ ಎರಡನೆಯ ಚಿಲಕ ಹಟ ಮಾಡಿತು. ಜಯಲಕ್ಷ್ಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒತ್ತಿದಳು. ಬಚ್ಚಲಲ್ಲಿ ತಮ್ಮ ಚಲುವರಾಜು ನೀರು ಹುಯ್ದುಕೊಳ್ಳುವ ಸದ್ದು ಬರುತ್ತಲೇ ಇತ್ತು. ಆ ಸದ್ದು ನಿಲ್ಲುವುದರೊಳಗೆ ಮುಗಿಸಬೇಕು. ಚಿಲಕ ಬಿಟ್ಟುಕೊಂಡಿತು. ಒಳಗೆ ಕೆಂಪು ಮಖಮಲ್ಲಿನ ಮೇಲೆ ಸ್ಯಾಕ್ಸೊಫೋನು ಮಲಗಿತ್ತು. ಎತ್ತಿದರೆ, ಕೆಳಗೆ ಒಂದು ನೋಟ್‌ಬುಕ್ಕು.

ಇಪ್ಪತ್ತೆರಡು ವರ್ಷ ಬೆಂಗಳೂರಿನ ಹೋಟೆಲುಗಳಲ್ಲಿ ಜಾಝ್ ನುಡಿಸಿದವನು ಚಲುವರಾಜು. ಅವನ ಊರು ಬೂಕನಕೆರೆಯವರ ಲೆಕ್ಕದಲ್ಲಿ ಮದುವೆ ಬ್ಯಾಂಡಿನವನು, ಅಷ್ಟೆ. ಕೊರೋನಾ ಬಂದು ಹೋಟೆಲುಗಳು ಸಂಗೀತ ನಿಲ್ಲಿಸಿದಾಗ, ಅವನ ವಾದನ ಕೇಳಲು ಬರುತ್ತಿದ್ದ ಸೀರಿಯಲ್ ನಿರ್ಮಾಪಕನೊಬ್ಬ, ನಿಮ್ಮ ಕಡೆ ಮಾತಿನಲ್ಲಿ ನಾಲ್ಕು ಸೀನ್ ಬರೆದುಕೊಡಿ ಎಂದ. ನಾಲ್ಕು ಸೀನು ನಾನೂರು ಎಪಿಸೋಡಾಯಿತು. ಈಗ ಊರಲ್ಲಿ ಅವನನ್ನು ಕಂಡರೆ ಕುರ್ಚಿ ಹಾಕುತ್ತಾರೆ. ಅಕ್ಕನ ಕೈಯಡುಗೆ ಉಣ್ಣಬೇಕು ಎಂದು ಬಂದವನು ಎರಡು ತಿಂಗಳಿಂದ ಇಲ್ಲೇ ಇದ್ದ.

ಉಣ್ಣಲಿಕ್ಕಷ್ಟೇ ಬಂದನೇ? ಮೊನ್ನೆಯಿಂದ ಜಯಲಕ್ಷ್ಮಮ್ಮನಿಗೆ ಅದೇ ಅನುಮಾನ. ಅವನ ಸೀರಿಯಲ್ಲಿನ ತಾಯಿ, "ಹೂ ಮುಡ್ಸಿದ್ದು ಅವ್ರಿಗ್ ಗೊತ್ತು, ನಮಗ್ ಗೊತ್ತು, ಇನ್ನೊಬ್ಬರಿಗ್ಯಾಕೆ?" ಎಂದುಬಿಟ್ಟಿದ್ದಳು. ಅದು ಜಯಲಕ್ಷ್ಮಮ್ಮನದೇ ಮಾತು. ಹೋದ ತಿಂಗಳು ಕರಿಘಟ್ಟದ ಗುಡಿಯ ಮೆಟ್ಟಿಲ ಮೇಲೆ ಕೂತು, ತಮ್ಮನಿಗೆ ಮಾತ್ರ ಹೇಳಿದ್ದು. ಮೂರು ವರ್ಷದ ಹಿಂದೆ ಪಾಂಡವಪುರದವರು ಮಗಳು ದಿವ್ಯಳಿಗೆ ಹೂ ಮುಡಿಸಿ ಸಂಬಂಧ ಗಟ್ಟಿ ಮಾಡಿ ಹೋಗಿ, ಆಮೇಲೆ ಒಲ್ಲೆವೆಂದಿದ್ದರು. ಈ ಭಾನುವಾರ ಹೆಣ್ಣು ನೋಡಲು ಬರುವ ನಾಗಮಂಗಲದವರಿಗೆ ಅದು ತಿಳಿಯದು. "ನಾವೇ ಹೇಳ್ಬುಡವ ಕಣಮ್ಮ" ಎಂದು ದಿವ್ಯ ಅಂದಾಗಲೆಲ್ಲ ತಾಯಿ ಗದರಿಸಿದ್ದಳು.

ನಿನ್ನೆ ಗಂಡಿನ ತಾಯಿ ಫೋನು ಮಾಡಿದ್ದರು. "ಸೀರಿಯಲ್ ನೋಡಿದ್ರಾ? ನಿಮ್ ತಮ್ಮಾರು ಅದ್ಯಾವ್ ಮನೆಯಿಂದ ತತ್ತಾರೋ ಅಂಥಾ ಮಾತ್ನ!" ಎಂದು ನಕ್ಕಿದ್ದರು. ಬರೀ ನಗುವೋ, ಕೆಣಕಿ ನೋಡಿದ್ದೋ?

ನೋಟ್‌ಬುಕ್ಕಿನ ಮಧ್ಯದ ಹಾಳೆಗೆ 'ಕರಿಘಟ್ಟ, ಮೆಟ್ಟಿಲು' ಎಂಬ ತಲೆಬರಹ. ಕೆಳಗೆ ಅವಳ ಮಾತುಗಳು. ಮಾತು ಮಾತಿನ ನಡುವೆ ಎರಡು ಚುಕ್ಕಿ, ಒಂದು ಕಡೆ ಏಳು ಚುಕ್ಕಿ.

"ಕೇಳಿದ್ರೆ ನಾನೇ ತೋರಿಸ್ತಿದ್ನಲ್ಲಕ್ಕ."

ಚಲುವರಾಜು ಟವೆಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಏನ್ಲಾ ಈ ಚುಕ್ಕಿ?"

"ನೀನು ಸುಮ್ಕಾದ ಹೊತ್ತು. ಎಷ್ಟೊತ್ತು ಊದ್ದೆ ಇರ್ಬೇಕು ಅಂತ ಬ್ಯಾಂಡಲ್ಲಿ ಎಣಿಸ್ಕತೀವಲ್ಲ, ಅಂಗೆ. ಅಭ್ಯಾಸ."

"ನಾನ್ ಅಳ್ತಾ ಕುಂತಿದ್ರೆ ನೀನು ಎಣಿಸ್ತಾ ಕುಂತಿದ್ದಾ?"

ಅವನು ತಲೆ ಒರೆಸಿಕೊಂಡ.

"ಮುಂದಕ್ಕೇನಾಯ್ತದೆ ನಿನ್ ಕತೇಲಿ?"

"ಗಂಡಿನ ಕಡೇರಿಗೆ ಗೊತ್ತಾಯ್ತದೆ. ಇವತ್ತು, ಏಳೂವರೆಗೆ."

"ತೆಗ್ಸ್ಲಾ."

"ಶೂಟಾಗಿ ಚಾನೆಲ್ ಸೇರ್ಬುಟ್ಟದೆ, ನನ್ ಕೈಲಿಲ್ಲ. ಊರಿನ ಹೆಸ್ರು ಬದಲಾಯ್ಸಿವ್ನಿ, ಹುಡುಗಿ ಹೆಸ್ರು ಬದಲಾಯ್ಸಿವ್ನಿ..."

"ನನ್ ಬಾಯಿ ಬದಲಾಯ್ಸಿದ್ದೀಯಾ? ನಾನ್ ಮಾತಾಡೋದ್ನ ಆವಮ್ಮ ಫೋನಲ್ಲಿ ದಿನಾ ಕೇಳ್ತಾವ್ಳೆ ಕಣ್ಲಾ! ಕರಿಘಟ್ಟಕ್ಕೆ ಕರ್ಕಂಡೋಗಿದ್ದೂ ಇದ್ಕೇನಾ?"

ಚಲುವರಾಜು ಬಗ್ಗಿ, ಅವಳು ಅಡ್ಡಾದಿಡ್ಡಿ ಇಟ್ಟಿದ್ದ ಸ್ಯಾಕ್ಸೊಫೋನನ್ನು ಮೊದಲು ಸರಿಯಾಗಿ ಮಲಗಿಸಿದ. ಅವಳಿಗೆ ಉತ್ತರ ಸಿಕ್ಕಂತಾಯಿತು.

ಜಯಲಕ್ಷ್ಮಮ್ಮ ಸೊಂಟದಿಂದ ಫೋನು ತೆಗೆದು ನಾಗಮಂಗಲದ ನಂಬರು ಹುಡುಕತೊಡಗಿದಳು.

"ಯಾರ್ಗಕ್ಕ?"

"ಆವಮ್ಮಂಗೆ. ಟೀವಿಲಿ ನೋಡಿ ತಿಳ್ಕಳದು ಬ್ಯಾಡ. ನಾನೇ ಹೇಳ್ತೀನಿ."

"ಇಂಗೇ ಏಕ್ದಂ ಹೇಳಿದ್ರೆ ಸಂಬಂಧ ಕೆಟ್ಟೋಯ್ತದೆ, ತಡಿ." ಅವನ ದನಿಯಲ್ಲಿ ನಿಜವಾದ ಗಾಬರಿಯಿತ್ತು, ಆದರೆ ಕೈ ಆಗಲೇ ಪೆನ್ನಿನ ಕ್ಯಾಪು ತೆಗೆದಿತ್ತು. "ಹತ್ತು ನಿಮಿಷ ಕೊಡು. ಎಲ್ಲಿಂದ ಸುರು ಮಾಡ್ಬೇಕು, ಎಲ್ಲಿ ನಿಲ್ಲಿಸ್ಬೇಕು, ಎಲ್ಲಾ ಬರ್ದುಕೊಡ್ತೀನಿ. ನೀನು ಓದಿದ್ರೆ ಸಾಕು. ಆವಮ್ಮ ಕಣ್ಣೀರ್ ಆಕ್ಕಂಡು ಒಪ್ಕತಾರೆ ನೋಡು."

ಅವಳು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು; ಆ ಕಡೆ ರಿಂಗಾಗುತ್ತಿತ್ತು.

"ಬ್ಯಾಡ" ಎಂದಳು ಜಯಲಕ್ಷ್ಮಮ್ಮ.